ಪಕ್ಕದ ಸೀಟಿನ ಬ್ರೇಕ್

ಜನವರಿ 9, ಬೆಳಿಗ್ಗೆ 5.50

ಇವತ್ತಿಗೆ ಹನ್ನೊಂದು ವರ್ಷ. ಶುಗರ್ ಇದೆ ಅಂತ ಚೀಟಿ ಬರೆದುಕೊಟ್ಟದ್ದು ಇದೇ ಜನವರಿ ಒಂಬತ್ತರಂದು. ಇಡೀ ವ್ಯವಹಾರಕ್ಕೆ ಏನೇನು ಹೋಯಿತು, ಒಮ್ಮೆ ಕೂಡಿಸಿಬಿಡೋಣ. ದುಡ್ಡಿನ ಬಾಬತ್ತು ಇವಳ, ನನ್ನ ಹೆಂಡತಿಯ, ಹತ್ತಿರ ಇದೆ, ಅದು ಇಲ್ಲಿ ಬೇಡ. ಮೈಯಿಂದ ಹೋದದ್ದು ಮಾತ್ರ.

ಬೆರಳಿಗೆ ಚುಚ್ಚಿದ್ದು — ದಿನಕ್ಕೆರಡರಂತೆ ಎಂಟು ಸಾವಿರದ ಮೂವತ್ತಾರು. ಮರೆತದ್ದು, ಮರೆತವನ ಹಾಗೆ ಇದ್ದದ್ದು ಕಳೆದರೆ ಏಳೂವರೆ ಸಾವಿರ. ಹೊಟ್ಟೆಗೆ ಇನ್ಸುಲಿನ್ — ನಾಲ್ಕು ವರ್ಷದಿಂದ, ಎರಡು ಸಾವಿರದ ಒಂಬೈನೂರು ಚಿಲ್ಲರೆ. ಪಾಸಾದ ಶಿಷ್ಯರು ತಂದುಕೊಟ್ಟ ಚಾಕೊಲೇಟ್ ಡಬ್ಬ ನಾನೂರ ಹನ್ನೆರಡು. ಅದರಲ್ಲಿ ನಾನು ತಿಂದದ್ದು ಹನ್ನೆರಡು, ಇವಳಿಗೆ ಗೊತ್ತಿರುವುದು ಸೊನ್ನೆ. ಜಗಳ — ಲೆಕ್ಕ ಇಟ್ಟಿಲ್ಲ. ಇಟ್ಟಿದ್ದರೆ ಬೇರೆ ರಿಜಿಸ್ಟರೇ ಬೇಕಾಗುತ್ತಿತ್ತು.

ಜಮಾ ಕಡೆ: ಇನ್ನೊಂದು ದಿನ. ಅದನ್ನೂ ಎದ್ದ ತಕ್ಷಣ ಒಂದು ಹನಿ ರಕ್ತ ಕೊಟ್ಟೇ ಬಿಡಿಸಿಕೊಳ್ಳಬೇಕು.

ಇವತ್ತು ಖಾಲಿ ಹೊಟ್ಟೆಗೆ 214. ಡಾಕ್ಟರ್ ಬುಕ್ಕಿನಲ್ಲಿ 132 ಅಂತ ಬರೆದೆ.

ಬುಕ್ಕು ಎರಡು. ನೀಲಿ ಅಟ್ಟೆಯದು ಡಾಕ್ಟರಿಗೆ, ಇವಳಿಗೆ, ಮಗಳಿಗೆ. ಅದರಲ್ಲಿ ನಾನು ಒಳ್ಳೆಯ ಮನುಷ್ಯ. 118, 127, 140. ಇನ್ನೊಂದು ಇದು — ಡ್ರೈವಿಂಗ್ ಸ್ಕೂಲಿನ ರಿಜಿಸ್ಟರ್. ಮುಂದಿನಿಂದ ಶಿಷ್ಯರು, ಹಿಂದಿನಿಂದ ನಾನು. ಮಧ್ಯೆ ಎಲ್ಲೋ ಒಂದು ಕಡೆ ಡಿಕ್ಕಿ ಹೊಡೆಯುತ್ತೇವೆ.

ಸುಳ್ಳು ಯಾಕೆ ಅಂದರೆ, 214 ಅಂತ ಬರೆದರೆ ಪ್ರಶ್ನೆ ಬರುತ್ತದೆ. ಏನು ತಿಂದ್ರಿ, ಎಷ್ಟು ನಡೆದ್ರಿ, ಯಾಕೆ ಮರೆತ್ರಿ. ನಿನ್ನೆ ನಿಜವಾಗಿಯೂ ಬೇಡದ್ದೇನೂ ತಿಂದಿರಲಿಲ್ಲ, ನಲವತ್ತು ನಿಮಿಷ ನಡೆದಿದ್ದೆ. ಅದನ್ನು ಯಾರೂ ನಂಬುವುದಿಲ್ಲ. 132 ಅನ್ನು ಎಲ್ಲರೂ ನಂಬುತ್ತಾರೆ. ಮೂರು ತಿಂಗಳ ಸರಾಸರಿ ಬಯಲು ಮಾಡುವ ಲ್ಯಾಬ್ ಟೆಸ್ಟ್ ಒಂದಿದೆ. ಅದನ್ನು ಒಂದು ವರ್ಷದಿಂದ ನಾಳೆ, ನಾಳೆ ಅಂತ ತಳ್ಳುತ್ತಿದ್ದೇನೆ.

ಏಳಕ್ಕೆ ಮೊದಲ ಕ್ಲಾಸು. ಹೊರಟೆ.

ಜನವರಿ 11, ಮಧ್ಯಾಹ್ನ

ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವ ಹೆಂಗಸು. ನಲವತ್ತನಾಲ್ಕು ವಯಸ್ಸು. ನಾನು ಲಾಂಡ್ರಿಯಮ್ಮ ಅನ್ನುತ್ತೇನೆ, ಆಕೆಗೆ ಬೇಜಾರಿಲ್ಲ. ಡಿಸೆಂಬರ್ ಟೆಸ್ಟಿನಲ್ಲಿ ಒಮ್ಮೆ ಫೇಲು. ಲಾಂಡ್ರಿಯ ವ್ಯಾನು ಓಡಿಸುವವನು ಬಿಟ್ಟುಹೋಗಿದ್ದಾನೆ, ಆ ಜಾಗವನ್ನು ಈ ತಿಂಗಳ ಕೊನೆಯವರೆಗೆ ಈಕೆಗೆ ಅಂತ ಹಿಡಿದಿಟ್ಟಿದ್ದಾರೆ. ಲೈಸೆನ್ಸ್ ತೋರಿಸಬೇಕು, ಅಷ್ಟೆ. ಟೆಸ್ಟು ಇಪ್ಪತ್ತೆರಡಕ್ಕೆ.

"ಹದಿನೆಂಟು ವರ್ಷ ನಿಂತ್ಕೊಂಡೇ ಕೆಲಸ ಮಾಡಿದೀನಿ ಮೇಷ್ಟ್ರೇ. ಇನ್ನು ಕೂತು ಮಾಡೋ ಕೆಲಸ ಬೇಕು."

"ಕೂತು ಮಾಡೋ ಕೆಲಸಕ್ಕೂ ಕಾಲು ಬೇಕಮ್ಮ. ಹೊರಡಿ."

ಹೊರಡಲಿಲ್ಲ. ಗಾಡಿ ನರಳಿತು.

"ಮೇಷ್ಟ್ರೇ, ಗಾಡಿ ಎಳೀತಾ ಇಲ್ಲ."

"ಎಳೆಯೋಕೆ ಅದೇನು ಎತ್ತಾ? ಆಕ್ಸಿಲರೇಟರ್ ಒತ್ತಿ. ಮಗೂನ ಮಲಗಿಸೋ ಹಾಗೆ ಮುಟ್ಟಿದ್ರೆ ಅದು ಮಲಗೇ ಇರುತ್ತೆ."

"ಒತ್ತಿದೀನಿ."

"ಇನ್ನೂ ಒತ್ತಿ."

"ಇನ್ನೂನಾ?"

"ಹೆದರಿಕೇನ ಮನೇಲಿ ಬಿಟ್ಟು ಬಂದಿದ್ರೆ ಇಷ್ಟೊತ್ತಿಗೆ ಊರು ದಾಟಿರ್ತಿದ್ವಿ."

ಒತ್ತಿದಳು. ಹೊರಟಿತು. ಮೂರು ಸುತ್ತು. ಕೆಳಗಿಳಿಯುವಾಗ ಆಕೆಯ ಬಲಗಾಲಿನ ಮೀನಖಂಡ ನಡುಗುತ್ತಿತ್ತು. ಹೆಂಗಸರಿಗೆ ಧೈರ್ಯ ಕಡಿಮೆ ಅಂತ ರಿಜಿಸ್ಟರಿನಲ್ಲಿ ಬರೆಯಲು ಹೋದೆ. ಇವಳು ನೆನಪಾಗಿ ಬಿಟ್ಟೆ.

ಊಟದ ನಂತರ 268. ನೀಲಿ ಬುಕ್ಕಿಗೆ 151. ಊಟದ ನಂತರ ಸ್ವಲ್ಪ ಜಾಸ್ತಿ ಇದ್ದರೆ ನಂಬಿಕೆ ಬರುತ್ತದೆ.

ಜನವರಿ 14, ಭಾನುವಾರ

ಮಗಳ ಫೋನು. "ಅಪ್ಪಾ, ಇವತ್ತೆಷ್ಟು?" ಹಲೋಗಿಂತ ಮೊದಲೇ ಇದು. 126 ಅಂದೆ. "ಗುಡ್" ಅಂದಳು. ಎಲ್ಲಾ ಆದಮೇಲೆ, "ಮತ್ತೆ, ಹೇಗಿದೀರಾ?"

ಹೇಗಿದ್ದೀನಿ ಅನ್ನುವುದನ್ನು ಆಗಲೇ ಹೇಳಿ ಆಗಿತ್ತಲ್ಲ. ನೂರ ಇಪ್ಪತ್ತಾರಾಗಿದ್ದೀನಿ.

ಊಟದಲ್ಲಿ ಇವಳು ನನ್ನ ಮುಖ ನೋಡುವುದಿಲ್ಲ, ತಟ್ಟೆ ನೋಡುತ್ತಾಳೆ. ಬಡಿಸುವ ಚಮಚ ಅರ್ಧಕ್ಕೆ ನಿಲ್ಲುತ್ತದೆ, ನಾನು "ಸಾಕು" ಅನ್ನಲಿ ಅಂತ ಕಾಯುತ್ತದೆ. ಮೂವತ್ತು ವರ್ಷದ ಸಂಸಾರದಲ್ಲಿ ಮಾತು ಕಡಿಮೆಯಾಗುತ್ತದೆ ಅಂತಾರೆ. ನಮ್ಮದು ಚಮಚಕ್ಕೆ ಇಳಿದಿದೆ.

"ಹಿಡಿದೇ ಇರ್ತೀಯಾ, ಬಡಿಸ್ತೀಯಾ?" ಅಂದೆ.

"ಬೇಕಂದ್ರೆ ಬಡಿಸ್ತೀನಿ ರೀ."

"ಬೇಡ ಕಣೇ. ನೋಡಿಯೇ ಹೊಟ್ಟೆ ತುಂಬ್ತು."

ತಟ್ಟೆ ಬಿಟ್ಟು ಎದ್ದೆ. ಎದ್ದದ್ದು ತಪ್ಪು. ಇನ್ಸುಲಿನ್ ತೆಗೆದುಕೊಂಡಾಗಿತ್ತು, ಅದು ಹಾಕಿದ ಮೇಲೆ ಊಟ ಬಿಟ್ಟರೆ ಶುಗರ್ ಪಾತಾಳಕ್ಕೆ, ಸಿಟ್ಟು ಮಾಡಿಕೊಳ್ಳುವ ಹಾಗೂ ಇಲ್ಲ. ಅರ್ಧ ಗಂಟೆಗೆ ಕೈ ನಡುಕ, ಬೆವರು. ಅಡುಗೆಮನೆಯಲ್ಲಿ ನಿಂತು ಸಕ್ಕರೆ ಡಬ್ಬಕ್ಕೇ ಚಮಚ ಹಾಕಿ ತಿಂದೆ, ಕಳ್ಳನ ಹಾಗೆ. ಇವಳು ಬಾಗಿಲಲ್ಲಿ ನಿಂತು ನೋಡಿದಳು. ನೀರು ಕೊಟ್ಟಳು. ಅಷ್ಟೆ.

ಒಂದು ದಿನ ಈ ಶುಗರಿನ ನೌಕರಿಗೆ ರಜಾ ಹಾಕಬೇಕು ಅನ್ನಿಸುತ್ತದೆ. ಒಂದೇ ದಿನ. ಯಾರಿಗೆ ಅರ್ಜಿ ಕೊಡುವುದು…

ಜನವರಿ 16, ಸಂಜೆ 6

ಡಾಕ್ಟರಮ್ಮನ ಹತ್ತಿರ. ಹನ್ನೆರಡು ವರ್ಷದ ಹಿಂದೆ ನನ್ನ ಹತ್ತಿರವೇ ಡ್ರೈವಿಂಗ್ ಕಲಿತ ಹುಡುಗಿ. ಎದುರಿಗೆ ‘ನೀವು’, ಇಲ್ಲಿ ‘ಅವಳು’. ನನ್ನ ರಿಜಿಸ್ಟರು.

ನೀಲಿ ಬುಕ್ಕು ತಿರುವಿದಳು. "ಎಲ್ಲಾ ಪೇಷಂಟ್ಸೂ ಮೇಷ್ಟ್ರ ಹಾಗೆ ಇದ್ರೆ ನನಗೆ ಕೆಲಸವೇ ಇರಲ್ಲ."

"ನನ್ನ ಶಿಷ್ಯರೆಲ್ಲ ನಿಮ್ಮ ಹಾಗೆ ಇದ್ದಿದ್ರೆ ನನಗೂ ಇರ್ತಿರಲಿಲ್ಲಮ್ಮ."

ಆಮೇಲೆ ಕಾಲು. ವರ್ಷಕ್ಕೊಮ್ಮೆ ಈ ಪರೀಕ್ಷೆ. ಪೆನ್ನಿನಂಥ ಕಡ್ಡಿಯ ತುದಿಗೆ ಬೆರಳುದ್ದದ ನೈಲಾನ್ ದಾರ. ನಾವು ಕಣ್ಣು ಮುಚ್ಚಬೇಕು. ಅಂಗಾಲಿನ ಹತ್ತು ಜಾಗಕ್ಕೆ ದಾರ ಮುಟ್ಟಿಸುತ್ತಾರೆ, ಗೊತ್ತಾದಾಗ ‘ಹೂಂ’ ಅನ್ನಬೇಕು. ಗೊತ್ತಾಗದಿದ್ದರೆ ನರ ಸತ್ತಿದೆ ಅಂತ ಲೆಕ್ಕ. ನರ ಸತ್ತ ಕಾಲಿನವನನ್ನು ಶಿಷ್ಯರ ಪಕ್ಕ ಕೂರಿಸುವುದಿಲ್ಲ. ಲೈಸೆನ್ಸ್ ಕಚೇರಿಗೆ ಪ್ರತಿ ವರ್ಷ ಅವಳ ಸರ್ಟಿಫಿಕೇಟ್ ಹೋಗಬೇಕು.

ಕಣ್ಣು ಮುಚ್ಚಿದೆ. ಕಾಲಿಂದ ಯಾವ ಸುದ್ದಿಯೂ ಬರಲಿಲ್ಲ. ಬಲಗಾಲು ಬೇರೆ ಯಾರದೋ ಮನೆಯಲ್ಲಿದ್ದ ಹಾಗೆ.

ಆದರೆ ಈ ಹುಡುಗಿ ಗಾಡಿ ಹಿಂದಕ್ಕೆ ತೆಗೆಯುವಾಗ ಉಸಿರು ಹಿಡಿಯುತ್ತಿದ್ದಳು. ಅದನ್ನು ಬಿಡಿಸಲು ನನಗೆ ಎರಡು ತಿಂಗಳಾಗಿತ್ತು, ಬಿಡಿಸಲೂ ಆಗಲಿಲ್ಲ. ಈಗಲೂ ಹಾಗೇ. ಉಸಿರು ನಿಂತಿತು — ದಾರ ಮುಟ್ಟಿತು. ಹೂಂ. ಉಸಿರು ಬಿಟ್ಟಳು. ನಿಂತಿತು. ಹೂಂ.

ಕಣ್ಣು ಮಂಜಾದ ಮುದುಕರಿಗೆ ಕಣ್ಣಿನ ಟೆಸ್ಟಿನ ಅಕ್ಷರದ ಬೋರ್ಡು ಬಾಯಿಪಾಠ ಮಾಡಿಸಿ ಕಳಿಸಿದವನು ನಾನು. ನನಗೆ ಇದು ಯಾವ ಮಹಾ.

"ಹತ್ತಕ್ಕೆ ಹತ್ತು ಮೇಷ್ಟ್ರೇ! ಎರಡೂ ಕಾಲು!"

ಸರ್ಟಿಫಿಕೇಟಿಗೆ ಸಹಿ ಹಾಕಿದಳು. ಮೆಟ್ಟಿಲಿಳಿಯುವಾಗ ಮೊದಲ ಬಾರಿಗೆ ಕಾಲನ್ನು ನೋಡಿಕೊಂಡು ಇಳಿದೆ.

ಜನವರಿ 17

ಗಾಡಿ ಗ್ಯಾರೇಜಿನಲ್ಲಿ. ಬ್ರೇಕಿನಿಂದ ಸುಟ್ಟ ವಾಸನೆ. ಮೆಕ್ಯಾನಿಕ್ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ತಂದು ನನ್ನ ಅಂಗೈಯಲ್ಲಿಟ್ಟ.

"ಹಾಕಿ ಐದು ವಾರ ಆಗಿಲ್ಲ ಮೇಷ್ಟ್ರೇ. ನೋಡಿ, ಬಿಸ್ಕತ್ತಿಗಿಂತ ತೆಳ್ಳಗಾಗಿದೆ. ಯಾರೋ ಬ್ರೇಕ್ ಮೇಲೇನೇ ಸಂಸಾರ ಹೂಡಿದಾರೆ."

"ಹೊಸ ಶಿಷ್ಯರು. ಹೆದರ್ಕೊಂಡು ತುಳೀತಾರೆ."

ಅವನು ಬಗ್ಗಿ ಒಳಗೆ ನೋಡಿದ. ನನ್ನ ಗಾಡಿಯಲ್ಲಿ ಪೆಡಲು ಎರಡು ಕಡೆ — ಕಲಿಯುವವರಿಗೆ ಮೂರು, ಪಕ್ಕದ ಸೀಟಿನಲ್ಲಿ ನನಗೆ ಎರಡು, ಬ್ರೇಕು ಮತ್ತು ಕ್ಲಚ್ಚು.

"ಅವರ ಕಡೆ ರಬ್ಬರ್ ಹೊಸದರ ಹಾಗಿದೆ. ನಿಮ್ಮ ಕಡೆ ಬ್ರೇಕ್ ರಬ್ಬರ್ ಪೂರ್ತಿ ಬೋಳು." ನನ್ನ ಮುಖ ನೋಡಿದ. ಆಮೇಲೆ ಸ್ಪ್ಯಾನರ್ ನೋಡಿದ. "ಇರಲಿ ಬಿಡಿ. ಹೊಸ ಪ್ಯಾಡ್ ಹಾಕ್ತೀನಿ."

ಮನೆಗೆ ಬಂದು ರಿಜಿಸ್ಟರನ್ನು ಮುಂದಿನಿಂದ ತೆಗೆದೆ. ಆಗಸ್ಟಿನಿಂದ ಟೆಸ್ಟಿಗೆ ಹೋದವರು ಹದಿನಾಲ್ಕು ಜನ. ಫೇಲಾದವರು ಒಂಬತ್ತು. ಇಪ್ಪತ್ತಾರು ವರ್ಷದಲ್ಲಿ ಇಂಥ ವರ್ಷ ಇಲ್ಲ. ಕಾರಣದ ಕಾಲಮ್ಮಿನಲ್ಲಿ ಒಂಬತ್ತೂ ಕಡೆ ನನ್ನದೇ ಕೈಬರಹ — ಹೊರಡುವಾಗ ಜಿಗಿತ. ಹೊರಡುವಾಗ ಜಿಗಿತ. ಹೊರಡುವಾಗ ಜಿಗಿತ.

ಈ ಒಂಬತ್ತು ಜನಕ್ಕೂ ನಾನು ಹೇಳಿಕೊಟ್ಟದ್ದು ಒಂದೇ ಮಾತು. ಇನ್ನೂ ಒತ್ತಿ.

ಜನವರಿ 19, ಬೆಳಿಗ್ಗೆ 9.15

ಇವತ್ತು ಕ್ಲಾಸಿನಲ್ಲಿ ರಸ್ತೆ ನೋಡಲಿಲ್ಲ. ನನ್ನ ಕಾಲು ನೋಡಿದೆ.

ಲಾಂಡ್ರಿಯಮ್ಮ ಹೊರಟಳು. ನನ್ನ ಬಲಗಾಲು ಬ್ರೇಕ್ ಪೆಡಲಿನ ಮೇಲಿತ್ತು. ನಾನು ಇಟ್ಟದ್ದಲ್ಲ. ಅದೇ ಹೋಗಿ ಕೂತಿತ್ತು, ಹಳೇ ಗುಮಾಸ್ತ ಹೇಳದೆಯೇ ತನ್ನ ಕುರ್ಚಿಗೆ ಹೋಗಿ ಕೂರುವ ಹಾಗೆ. ಪೂರ್ತಿ ಅಲ್ಲ, ಅರ್ಧ ಅಂಗುಲ ಒತ್ತಿತ್ತು. ಅಷ್ಟು ಸಾಕು. ಆಕೆ ಗಾಡಿಯನ್ನು ಮುಂದಕ್ಕೆ ಒತ್ತುತ್ತಾಳೆ, ನಾನು ಹಿಂದಕ್ಕೆ ಹಿಡಿಯುತ್ತೇನೆ, ಮೇಲೆ ಬೈಯುತ್ತೇನೆ.

ಎತ್ತಿದೆ. ಗಾಡಿ ಚಂಗನೆ ಹಾರಿತು. ಆಕೆ ಕಿರುಚಿದಳು. ಬ್ರೇಕ್ ತುಳಿಯಲು ಹೋದೆ — ಕಾಲು ಪೆಡಲಿಗೆ ಸಿಕ್ಕಿತೋ, ಪಕ್ಕದ ನೆಲಕ್ಕೆ ಸಿಕ್ಕಿತೋ ಗೊತ್ತಾಗಲಿಲ್ಲ. ಕಣ್ಣಿಂದ ನೋಡಿ ತುಳಿದೆ. ಅಷ್ಟರಲ್ಲಿ ಒಂದು ಗಾಡಿಯುದ್ದ ಮುಂದೆ ಹೋಗಿದ್ದೆವು. ಎದುರಿಗೆ ಯಾರೂ ಇರಲಿಲ್ಲ. ಇದ್ದಿದ್ದರೆ…

"ನನ್ನದೇ ತಪ್ಪು ಮೇಷ್ಟ್ರೇ, ಜಾಸ್ತಿ ಒತ್ತಿಬಿಟ್ಟೆ," ಅಂದಳು.

"ಹೂಂ," ಅಂದೆ.

ಆ ‘ಹೂಂ’ ಕೂಡ ಡಾಕ್ಟರಮ್ಮನಿಗೆ ಹೇಳಿದ ಹತ್ತರ ಜೊತೆಗೇ ಸೇರಬೇಕು.

ಕಾಲನ್ನು ಮತ್ತೆ ಪೆಡಲಿನ ಮೇಲೇ ಇಟ್ಟೆ. ಈ ಸಲ ನಾನೇ ಇಟ್ಟದ್ದು, ಬುದ್ಧಿ ಇಟ್ಟುಕೊಂಡೇ. ಲೆಕ್ಕ ಹೀಗೆ: ಹೇಳಿದರೆ ಸರ್ಟಿಫಿಕೇಟ್ ವಾಪಸು, ಸೀಟು ಹೋಗುತ್ತದೆ. ಲಾರಿ ತೊಳೆಯುವವನಾಗಿ ಶುರು ಮಾಡಿದವನಿಗೆ ಈ ಸೀಟು ಬಿಟ್ಟರೆ ಇರುವುದು ಬಾಯಿ ಒಂದೇ. ಮೂರು ದಿನ. ಅಕಸ್ಮಾತ್ ಪಾಸಾದರೂ ಆಗಬಹುದು. ಟೆಸ್ಟು ಮುಗಿಯಲಿ, ಆಮೇಲೆ ನೋಡೋಣ.

ಜನವರಿ 22

ಟೆಸ್ಟಿಗೆ ನನ್ನದೇ ಗಾಡಿ. ನನ್ನ ಸೀಟಿನಲ್ಲಿ ಇನ್ಸ್‌ಪೆಕ್ಟರು. ಅವರು ಕಾಲು ಮಡಿಸಿ ಕೂರುವವರು. ಪೆಡಲಿನ ಹತ್ತಿರವೇ ಹೋಗುವುದಿಲ್ಲ. ನಾನು ಬೇಲಿಯ ಆಚೆ.

ಬೇಲಿ ದಾಟಿ ಕೂಗಬಹುದಿತ್ತು. ಮೆಲ್ಲಗೆ ಒತ್ತಿ, ಇವತ್ತು ಅರ್ಧ ಒತ್ತಿದರೆ ಸಾಕು, ಅಂತ. ನಾಲ್ಕು ಮಾತು. ಮಾತೇ ನನ್ನ ಬಂಡವಾಳ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು.

ಆಕೆ ಕಲಿತ ಹಾಗೇ ಒತ್ತಿದಳು. ಗಾಡಿ ಹಾರಿತು. ಇನ್ಸ್‌ಪೆಕ್ಟರ ಕೈಯಲ್ಲಿ ಪ್ಯಾಡು, ಪೆನ್ನು. ಅವರ ಕಾಲು ಬ್ರೇಕ್ ತಲುಪುವಷ್ಟರಲ್ಲಿ ಗಾಡಿ ಕಾಂಕ್ರೀಟ್ ಕಂಬ ತಲುಪಿತ್ತು.

ಅವರಿಗೇನೂ ಆಗಲಿಲ್ಲ. ಸ್ಟಿಯರಿಂಗ್ ಹಿಡಿದೇ ಇದ್ದ ಆಕೆಯ ಬಲ ಮಣಿಕಟ್ಟು ಮುರಿಯಿತು.

ಇಳಿಸಿ ಬೆಂಚಿನ ಮೇಲೆ ಕೂರಿಸಿದೆ. ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಅಳಲಿಲ್ಲ. ಆಶ್ಚರ್ಯಪಟ್ಟವಳ ಹಾಗೆ ನನ್ನನ್ನೇ ನೋಡಿದಳು.

"ಮೇಷ್ಟ್ರೇ… ಇವತ್ತು ಗಾಡಿ ಎಳೀತು."

ಜನವರಿ 23

341.

ನೀಲಿ ಬುಕ್ಕಿನಲ್ಲಿ ಬರೆಯಲಿಲ್ಲ. ಪೆನ್ನು ತೆಗೆದೆ, ಇಟ್ಟೆ.

ಫೆಬ್ರವರಿ 4, ಭಾನುವಾರ

ಹನ್ನೆರಡು ದಿನ ಬೆರಳು ಚುಚ್ಚಿಲ್ಲ. ಇನ್ಸುಲಿನ್ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ರಜಾ ಬೇಕು ಅಂದಿದ್ದೆನಲ್ಲ, ಸಿಕ್ಕಿತು. ಮಗಳು ಕೇಳಿದಳು, "ಇವತ್ತೆಷ್ಟು?" 122 ಅಂದೆ. ಚುಚ್ಚದೆಯೂ ಬಾಯಿಗೆ ಬರುತ್ತದೆ. ಇಷ್ಟು ವರ್ಷ ಸುಮ್ಮನೆ ರಕ್ತ ಖರ್ಚು ಮಾಡಿದೆ.

ಇವಳು ಶುಗರ್ ಮೀಟರ್ ಇಡುವ ಡ್ರಾಯರ್ ಎಳೆದು, ಮುಚ್ಚಿದ ಶಬ್ದ ಎರಡು ಸಲ ಕೇಳಿಸಿತು.

ಶುಕ್ರವಾರ ಲಾಂಡ್ರಿಗೆ ಹೋಗಿ ಬಂದೆ. ಬಿಸಿ ಹವೆ, ಸೋಪಿನ ವಾಸನೆ, ನಾಲ್ಕು ದೊಡ್ಡ ಯಂತ್ರ. ಆಕೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡೇ ನಿಂತಿದ್ದಾಳೆ. ಬೆಡ್‌ಶೀಟಿನ ಒಂದು ತುದಿ ಗದ್ದದ ಕೆಳಗೆ ಹಿಡಿದು, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಮಡಚುತ್ತಾಳೆ. ವ್ಯಾನಿಗೆ ಬೇರೆಯವನು ಬಂದಾಗಿದೆ. ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿದ್ದ.

"ನಿಮ್ಮ ಗಾಡಿ ಹಾಳು ಮಾಡ್ಬಿಟ್ಟೆ ಮೇಷ್ಟ್ರೇ," ಅಂದಳು. "ಇಷ್ಟು ಚೆನ್ನಾಗಿ ಹೇಳಿಕೊಟ್ರಿ, ನನ್ನ ತಲೆಗೇ ಹೋಗ್ಲಿಲ್ಲ."

ಹೇಳಲೆಂದೇ ಹೋದವನು. ಬಾಯಿ ತೆಗೆದೆ. "ಕೈ ಹುಷಾರಮ್ಮ" ಅಂದು ಬಂದೆ.

ಅದರ ಹಿಂದಿನ ದಿನ ಗ್ಯಾರೇಜಿನಲ್ಲಿದ್ದೆ. ಮೆಕ್ಯಾನಿಕ್ ಮುಂದಿನ ಬಂಪರ್ ಬದಲಾಯಿಸುತ್ತಿದ್ದ. ಶೂ ಬಿಚ್ಚಿ ಪಕ್ಕಕ್ಕಿಟ್ಟು ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತಿದ್ದೆ.

ಫೆಬ್ರವರಿ 6, ರಾತ್ರಿ ಊಟದ ಹೊತ್ತು

ಇವಳಿಗೆ ವಾಸನೆ ಬಂತು. ಇಲಿ ಸತ್ತಿದೆ ಅಂದಳು. ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲಾ ಹುಡುಕಿದಳು. ಕೊನೆಗೆ ನನ್ನ ಶೂ ಎತ್ತಿ ಕೊಡವಿದಳು. ನೆಲದ ಮೇಲೆ ಠಣ್ ಅಂತ ಒಂದು ನಟ್ಟು ಬಿತ್ತು. ಬಂಪರಿನದು. ಕಡಲೆ ಕಾಳಿನಷ್ಟು.

ಐದು ದಿನ ಅದರ ಮೇಲೆ ನಡೆದಿದ್ದೇನೆ.

ಕಾಲುಚೀಲ ಅಂಟಿಕೊಂಡಿತ್ತು. ಇವಳು ಬಿಸಿನೀರು ತಂದು ಮೆಲ್ಲಗೆ ಬಿಡಿಸಿದಳು. ಎರಡು ಬೆರಳ ಬುಡದಲ್ಲಿ ತೂತು, ಸುತ್ತ ಕಪ್ಪು. ನೋವು? ಇಲ್ಲ. ಅದೇ ಭಯ. ಇನ್ಯಾರದೋ ಗಾಯವನ್ನು ನೋಡುತ್ತಿದ್ದ ಹಾಗಿತ್ತು.

"ನೀಲಿ ಬುಕ್ಕು ತಗೊಂಡು ಬಾ," ಅಂದೆ, ಯಾಕೋ. "ಶುಗರ್ ಚೆನ್ನಾಗೇ ಇದೆ. ಬೇಗ ವಾಸಿಯಾಗುತ್ತೆ."

ಇವಳು ಬುಕ್ಕು ತರಲಿಲ್ಲ. ಮೀಟರ್ ತಂದಳು. ಒಂದು ಬಟನ್ ಒತ್ತಿ ನನ್ನ ಮುಖದ ಮುಂದೆ ಹಿಡಿದಳು. 341. ಮತ್ತೆ ಮತ್ತೆ ಒತ್ತಿದಳು. 287. 268. 214. ಹಳೆಯದೆಲ್ಲ ಅದರೊಳಗೇ ಇದೆ, ದಿನಾಂಕದ ಸಮೇತ. ಈ ಬಟನ್ ನನಗೆ ಗೊತ್ತೇ ಇರಲಿಲ್ಲ. ಎರಡು ಬುಕ್ಕು ಇಟ್ಟವನಿಗೆ ಮೂರನೆಯದು ತನ್ನ ಕೈಯಲ್ಲೇ ಇದ್ದದ್ದು ತಿಳಿಯಲಿಲ್ಲ.

"ಯಾವಾಗಿಂದ ಗೊತ್ತು?"

"ಮೂರು ವರ್ಷ."

"ಹೇಳಬಾರದಿತ್ತೇನೇ?"

"ಹೇಳಿದ್ರೆ ಚುಚ್ಕೊಳ್ಳೋದನ್ನೇ ಬಿಟ್ಬಿಡ್ತಿದ್ರಿ. ಸುಳ್ಳು ಬರೆಯೋಕಾದ್ರೂ ದಿನಾ ಎದ್ದು ಚುಚ್ಕೋತಿದ್ರಲ್ಲ… ಅದನ್ನೇ ನೋಡ್ಕೊಂಡು ಬಡಿಸ್ತಿದ್ದೆ. ಮುನ್ನೂರು ಬಂದ ದಿನ ಚಮಚ ಅರ್ಧಕ್ಕೆ ನಿಲ್ಲಿಸ್ತಿದ್ದೆ."

ನಟ್ಟನ್ನು ಕೈಯಲ್ಲಿ ತಿರುಗಿಸುತ್ತ ಅಂದಳು: "ಹದಿನೈದು ದಿನದಿಂದ ಮೀಟರಿನಲ್ಲಿ ಹೊಸದು ಬಂದಿಲ್ಲ. ಆಗ್ಲೇ ಕೇಳಬೇಕಿತ್ತು. ಹೆದರಿದೆ ರೀ."

ಇವಳ ಧೈರ್ಯದ ಬಗ್ಗೆ ಈ ಪುಸ್ತಕದಲ್ಲಿ ಏನಾದರೂ ಬರೆದಿದ್ದೇನೆಯೇ ಅಂತ ಹಿಂದಕ್ಕೆ ತಿರುವಿ ನೋಡಿದೆ. ಇಲ್ಲ.

ಫೆಬ್ರವರಿ 7

ಡಾಕ್ಟರಮ್ಮ ಕಾಲನ್ನು ಹಿಡಿದು ಬಹಳ ಹೊತ್ತು ನೋಡಿದಳು.

"ಮೂರು ವಾರದ ಹಿಂದೆ ಹತ್ತಕ್ಕೆ ಹತ್ತು ಸಲ ಹೂಂ ಅಂದ್ರಲ್ಲ ಮೇಷ್ಟ್ರೇ."

ಹೇಳಿದೆ. ಉಸಿರಿನ ವಿಷಯ. ಹೇಳುವಾಗ ಅರ್ಧ ತಮಾಷೆ ಮಾಡಿ ಹೇಳಿದೆ, ಹಾಗಲ್ಲದೆ ಹೇಳಲು ನನಗೆ ಬರುವುದಿಲ್ಲ. ಅವಳು ನಗಲಿಲ್ಲ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ಬಂದು ಮತ್ತೆ ದಾರ ತೆಗೆದಳು.

"ಕಣ್ಣು ಮುಚ್ಚಿ."

ಈ ಸಲ ಅವಳ ಉಸಿರು ಒಂದೇ ಸಮ. ಹನ್ನೆರಡು ವರ್ಷದ ಹಿಂದೆ ನಾನು ಕಲಿಸಲಾಗದೆ ಬಿಟ್ಟದ್ದನ್ನು ಇವತ್ತು ತಾನೇ ಕಲಿತಳು. ಕತ್ತಲೆಯಲ್ಲಿ ಕೂತೆ. ಎಷ್ಟೋ ಹೊತ್ತಿಗೆ ಒಂದು ಸಲ ಹೂಂ ಅಂದೆ.

ಬಲಗಾಲು, ಹತ್ತರಲ್ಲಿ ಒಂದು. ಎಡಗಾಲು, ಹತ್ತರಲ್ಲಿ ಏಳು.

"ಕುರುಡು ಕಾಲಿಗೆ ನಾನು ಲೈಸೆನ್ಸ್ ಕೊಟ್ಟೆ," ಅಂದಳು. ಯಾರಿಗೆ ಅಂದಳೋ. ಸರ್ಟಿಫಿಕೇಟ್ ವಾಪಸು ಕೇಳಿದಳು. ಇನ್ನೂ ಕಚೇರಿಗೆ ಕೊಡದೆ ಜೇಬಿನಲ್ಲೇ ಇತ್ತು, ಕೊಟ್ಟೆ. ಅಲ್ಲಿಂದ ಸೀದಾ ವಾರ್ಡಿಗೆ.

ಫೆಬ್ರವರಿ 13

ಎರಡು ಬೆರಳು ತೆಗೆದರು. ಬಲಗಾಲಿನ ಹೆಬ್ಬೆರಳು, ಅದರ ಪಕ್ಕದ್ದು. ಮೂಳೆಗೆ ಇಳಿದಿತ್ತಂತೆ.

ಕೇಳದೇ ಇದ್ದದ್ದು ಒಂದೇ: ಎಲ್ಲಿ ಹಾಕ್ತಾರೆ ಅವನ್ನು.

ಹಾಸಿಗೆಯ ಬೆಡ್‌ಶೀಟ್ ಹೊಸದಾಗಿ ಮಡಚಿದ್ದು. ಒಂದು ಮಡಿಕೆ ಓರೆ. ಒಂದೇ ಕೈಯಲ್ಲಿ ಮಡಚಿದ್ದಿರಬೇಕು.

ಮಾರ್ಚ್ 3, ಭಾನುವಾರ

ಮನೆಗೆ ಬಂದು ಹನ್ನೆರಡು ದಿನ. ಇವತ್ತು ಲಾಂಡ್ರಿಯಮ್ಮ ನೋಡಲು ಬಂದಳು. ಪ್ಲಾಸ್ಟರ್ ತೆಗೆದಿದ್ದಾರೆ; ಕೈ ಇನ್ನೂ ಪೂರ್ತಿ ತಿರುಗುವುದಿಲ್ಲ. ಇವಳು ಟೀ ಮಾಡಲು ಎದ್ದಳು. ಕೂತಿರು ಅಂದೆ. ಇವಳೆದುರಿಗೇ ಹೇಳಬೇಕಿತ್ತು.

ಹೇಳಿದೆ. ಕಾಲು, ಬ್ರೇಕು, ಅರ್ಧ ಅಂಗುಲ, ಒಂಬತ್ತು ಜನ. ತಮಾಷೆ ಸೇರಿಸದೆ.

ಆಕೆ ಕೇಳಿದ್ದು ಎರಡೇ ಪ್ರಶ್ನೆ.

"ಹಾಗಾದ್ರೆ ನನಗೆ ಗಾಡಿ ಬರ್ತಿತ್ತು?"

"ಬರ್ತಿತ್ತಮ್ಮ. ಡಿಸೆಂಬರಿನಲ್ಲೇ ಬರ್ತಿತ್ತು."

ಆಕೆಯ ಮುಖದ ಮೇಲೆ ಒಂದು ಬೆಳಕು ಬಂತು. ಅಷ್ಟೇ ಬೇಗ ಹೋಯಿತು.

"ಟೆಸ್ಟಿನ ದಿನ ನಿಮಗೆ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ನೀಲಿ ಬುಕ್ಕಿನವನಾಗಿದ್ದರೆ ಇಲ್ಲ ಅಂದಿರುತ್ತಿದ್ದ, ನಂಬಿಸಿಯೂ ಇರುತ್ತಿದ್ದ.

"ಮೂರು ದಿನ ಮುಂಚೆ ಗೊತ್ತಾಗಿತ್ತು."

ಬೈದರೆ ತಗ್ಗಿಸಿಕೊಂಡು ಕೂರೋಣ ಅಂತ ತಲೆ ಸಿದ್ಧ ಮಾಡಿಕೊಂಡಿದ್ದೆ. ಬೈಯಲಿಲ್ಲ. ಎದ್ದಳು. ಇವಳಿಗೆ "ಬರ್ತೀನಕ್ಕ" ಅಂದಳು, ನನಗೆ ಅನ್ನಲಿಲ್ಲ. ಬಾಗಿಲನ್ನು ಎಡಗೈಯಿಂದ ಮೆಲ್ಲಗೆ ಎಳೆದುಕೊಂಡು ಹೋದಳು. ದಡಾರನೆ ಹಾಕಿದ್ದರೆ ಚೆನ್ನಾಗಿತ್ತು.

ಇವಳು ಮೀಟರ್ ತಂದು ಮುಂದಿಟ್ಟಳು: "ಊಟಕ್ಕೆ ಮುಂಚೆ ಚುಚ್ಕೊಳ್ಳಿ."

231. ನೀಲಿ ಬುಕ್ಕಿನಲ್ಲೂ 231. ಇವಳು ಪಕ್ಕದಲ್ಲಿ ನಿಂತು ನೋಡಿದಳು. ಕೆಟ್ಟ ನಂಬರು, ಒಳ್ಳೇ ಅಕ್ಷರದಲ್ಲಿ.

ಮಾರ್ಚ್ 15

ಉಳಿದ ಎಂಟು ಜನಕ್ಕೂ ಫೋನು ಮಾಡಿ ಮುಗಿಸಿದೆ. ಇಬ್ಬರು ಬೈದರು. ಒಬ್ಬ ನಕ್ಕ, ಅವನ ಹೆಂಡತಿ ಅವನನ್ನು ಫೇಲಾದಾಗಿನಿಂದ ದಡ್ಡ ಅನ್ನುತ್ತಿದ್ದಳಂತೆ, ಫೋನು ಅವಳಿಗೂ ಕೊಟ್ಟು ಇನ್ನೊಂದು ಸಲ ಹೇಳಿಸಿದ. ಒಬ್ಬಾಕೆ, ನಾನು ಡ್ರೈವಿಂಗಿನ ಆಸೆಯನ್ನೇ ಬಿಟ್ಟಿದ್ದೀನಿ ಸರ್ ಅಂದಳು. ಉಳಿದವರು ಎತ್ತಲಿಲ್ಲ.

ಲೈಸೆನ್ಸ್ ಕಚೇರಿಗೆ ಕಾಗದ ಬರೆದೆ — ಒಂಬತ್ತು ಜನರ ತಪ್ಪಲ್ಲ, ನನ್ನ ಕಾಲಿನದು, ಮರುಪರೀಕ್ಷೆ ಕೊಡಿ. ಉತ್ತರ ಬಂತು: ನಿಮ್ಮ ಪತ್ರವನ್ನು ಸ್ವೀಕರಿಸಲಾಗಿದೆ. ಕೆಳಗೆ ಸಹಿ ಇಲ್ಲ, ಮೊಹರು ಇದೆ.

ಮೆಕ್ಯಾನಿಕ್ ಮನೆಗೆ ಬಂದ. ಪಕ್ಕದ ಸೀಟಿನ ಪೆಡಲು ಬಿಚ್ಚಬೇಕು ಅಂದೆ. ಬಿಚ್ಚಿದ.

"ಅವತ್ತೇ ನಿಮಗೆ ಹೇಳ್ಬೇಕಿತ್ತು ಮೇಷ್ಟ್ರೇ. ಬೇಜಾರು ಮಾಡ್ಕೋತೀರ ಅಂತ ಸುಮ್ಮನಾದೆ."

ಎಲ್ಲರೂ ನನಗೆ ಬೇಜಾರಾಗದ ಹಾಗೆ ನೋಡಿಕೊಂಡಿದ್ದಾರೆ. ಇಷ್ಟು ಮಾತಾಡುವವನನ್ನು ಕಂಡರೆ ಜನಕ್ಕೆ ಇಷ್ಟು ಭಯವೇ?

ಏಪ್ರಿಲ್ 2, ಬೆಳಿಗ್ಗೆ 6.10

ಖಾಲಿ ಹೊಟ್ಟೆ 163. ಎರಡು ಬುಕ್ಕಿನ ಅಗತ್ಯ ಇಲ್ಲ. ಇನ್ನು ಈ ರಿಜಿಸ್ಟರು ಮುಚ್ಚಬಹುದು. ಹೇಗೂ ಹಿಂದಿನ ಪುಟ ಬಂದು ಮುಂದಿನ ಪುಟಕ್ಕೆ ಮುಟ್ಟಿದೆ. ಎದುರು ಪುಟದಲ್ಲಿ ಲಾಂಡ್ರಿಯಮ್ಮನ ಹೆಸರು, ಆಕೆಯ ಹಾಜರಿ, ಇಪ್ಪತ್ತಾರು ಕ್ಲಾಸು. ಒಂದೂ ತಪ್ಪಿಸಿಲ್ಲ.

ಮುಚ್ಚುವ ಮುಂಚೆ, ಯಾರಿಗೆ ಏನು ಸಿಕ್ಕಿತು:

ಮೆಕ್ಯಾನಿಕ್‌ಗೆ — ಎರಡು ಪೆಡಲು. ಒಂದಕ್ಕೆ ರಬ್ಬರಿದೆ, ಇನ್ನೊಂದು ಬೋಳು.

ಇನ್ಸ್‌ಪೆಕ್ಟರಿಗೆ — ಕಂಬಕ್ಕೆ ಹೊಸ ಬಣ್ಣ.

ಎಂಟು ಜನರಲ್ಲಿ ಫೋನು ಎತ್ತಿದವರಿಗೆ — ತಾವು ದಡ್ಡರಲ್ಲ ಅನ್ನುವ ಸುದ್ದಿ, ತಡವಾಗಿ.

ಲಾಂಡ್ರಿಯಮ್ಮನಿಗೆ — ಅದೇ ಸುದ್ದಿ. ಮತ್ತೆ ಪೂರ್ತಿ ತಿರುಗದ ಮಣಿಕಟ್ಟು. ವ್ಯಾನು ಬೇರೆಯವನದು. ಬೇರೆ ಸ್ಕೂಲಿಗೆ ಸೇರಿದ್ದಾಳೆ ಅಂತ ಇವಳಿಗೆ ಯಾರೋ ಹೇಳಿದರು. ನಾನು ಕೇಳಲಿಲ್ಲ.

ಡಾಕ್ಟರಮ್ಮನಿಗೆ — ಉಸಿರು ಬಿಟ್ಟುಕೊಂಡೇ ಮುಟ್ಟುವ ಅಭ್ಯಾಸ.

ಮಗಳಿಗೆ — ಹೋದ ಭಾನುವಾರ "ಇವತ್ತೆಷ್ಟು" ಅಂದಾಗ, "ಇವತ್ತು ಚೆನ್ನಾಗಿಲ್ಲ ಮಗಳೇ, 240, ಸಾಕಾಗಿದೆ ನನಗೆ" ಅಂದೆ. ಆಮೇಲೆ ಒಂದು ಗಂಟೆ ಮಾತಾಡಿದಳು. ಬೇರೆ ಏನೇನೋ.

ಇವಳಿಗೆ — ದಾರ. ಡಾಕ್ಟರಮ್ಮನೇ ಕೊಟ್ಟು ಕಳಿಸಿದ್ದು. ದಿನಾ ಬೆಳಿಗ್ಗೆ ನನ್ನ ಎದುರು ನೆಲದ ಮೇಲೆ ಕೂತು ದಾರ ಮುಟ್ಟಿಸಿ ಎರಡೂ ಕಾಲು ನೋಡುತ್ತಾಳೆ. ಮೂವತ್ತು ವರ್ಷದಲ್ಲಿ ಇಷ್ಟು ಹತ್ತಿರ ಕೂತು, ಇಷ್ಟು ಹೊತ್ತು, ಇಬ್ಬರೂ ಸುಮ್ಮನಿದ್ದದ್ದು ನೆನಪಿಲ್ಲ. ಉಸಿರು ಕೇಳಿಸಬಾರದು ಅಂತ ರೇಡಿಯೋ ಹಾಕುತ್ತಾಳೆ, ಜಾಣೆ.

ನನಗೆ — ಎಡಗಾಲು. ಆಸ್ಪತ್ರೆಯಲ್ಲಿ ಹತ್ತರಲ್ಲಿ ಏಳು. ಹೋದ ವಾರ ಏಳು. ನಿನ್ನೆ ಆರು. ಏಳು ಅನ್ನಬಹುದಿತ್ತು, ಅನ್ನಲಿಲ್ಲ.

ರೇಡಿಯೋ ಶುರುವಾಯಿತು. ಬಂದಳು. ಪೆನ್ನು ಕೆಳಗಿಡಿ ಅನ್ನುತ್ತಿದ್ದಾಳೆ, ಕಣ್ಣು ಮುಚ್ಚಬೇಕಂತೆ. ಇವತ್ತಿನದು —